ತಕ್ಕಡಿ ಮಾವನ ಕಳೆಯುವ ಲೆಕ್ಕ
ತಕ್ಕಡಿ ಮಾವ ಅಡುಗೆಮನೆಗೆ ಕಾಲಿಟ್ಟರೆ, ಅಳೆಯದೆ ಒಂದು ತೊಟ್ಟು ಎಣ್ಣೆ ಸುರಿಯಲೂ ಸೊಸೆಗೆ ಧೈರ್ಯವಿಲ್ಲ. ಕೋಳಿ ನೆನೆಹಾಕುವ ಮಸಾಲೆಯನ್ನು ಮೊದಲೊಮ್ಮೆ ತೂಗುತ್ತಾರೆ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮತ್ತೆ ತೂಗಿ ಮೊದಲಿನ ತೂಕದಿಂದ ಕಳೆಯುತ್ತಾರೆ. ಊಟವಾದ ಮೇಲೆ ತಟ್ಟೆಗಂಟಿದ ಸಾಸನ್ನೂ ಬಿಡದೆ ಚಮಚದಲ್ಲಿ ಕೆರೆದು ತೂಗುತ್ತಾರೆ. "ಹೊಟ್ಟೆಗೆ ಇಳಿದಷ್ಟೇ ಕ್ಯಾಲೊರಿ ಕಣಮ್ಮಾ, ಮಿಕ್ಕಿದ್ದೆಲ್ಲ ಸುಳ್ಳು!" ಪಥ್ಯದ ಹುಚ್ಚು ಎಂದು ನಗುವ ನೆಂಟರಿಗೇನು ಗೊತ್ತು? ಮಾವ ಲೆಕ್ಕವಿಡುವುದು ಒಂದೇ ತಟ್ಟೆಗೆ, ಕಾಯಿಲೆಯಿಂದ ಎದ್ದು ಹಿಡಿಯಷ್ಟಾಗಿರುವ ಅತ್ತೆಯ ತಟ್ಟೆಗೆ. ಲೆಕ್ಕ ಇಳಿದರೆ ಮರುದಿನದ ಸಾಸಿಗೆ ಸದ್ದಿಲ್ಲದೆ ಬೆಣ್ಣೆ ಬೀಳುತ್ತದೆ. ಇವತ್ತು ಅತ್ತೆ ತಟ್ಟೆಯನ್ನು ಬೆರಳಲ್ಲಿ ಬಳಿದು ನೆಕ್ಕಿ, "ಆ ಸಾಸಿನ ಬೋಗುಣೀನೂ ಇತ್ತ ಕೊಡಮ್ಮ," ಎಂದರು. ಮಾವ ಖಾಲಿ ತಕ್ಕಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಕಳೆಯೋಕೆ ಏನೂ ಉಳಿದಿಲ್ಲ ಕಣಮ್ಮಾ!"