ನಾಲ್ಕು ಬುಟ್ಟಿ ಕಾಣೆ

ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಕರಾವಳಿ ಕಡೆಯವರು ಹೊಸದಾಗಿ ಮೀನೂಟದ ಹೋಟೆಲ್ ತೆರೆದಿದ್ದಾರೆ. ನಮ್ಮದು ಶೇಂಗಾ ಎಣ್ಣೆಯ ಊರು. ಮಿಲ್ಲುಗಳ ಆ ಜಿಡ್ಡು ವಾಸನೆ ನಮ್ಮ ಮೂಗಿಗೆ ಗಾಳಿಯಷ್ಟೇ ರೂಢಿ. ಅದರ ನಡುವೆ ಕೊಬ್ಬರಿ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಬಂದರೆ ಯಾರೇ ಆದರೂ ತಿರುಗಿ ನೋಡುತ್ತಾರೆ. ನಾನೂ ನೋಡಿದೆ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಇಂದಿನ ಸ್ಪೆಷಲ್ ಕಾಣೆ ಫ್ರೈ.’

ಹಲಗೆಯ ಮುಂದೆ ಇಬ್ಬರು ಯುವಕರು ನಿಂತಿದ್ದರು. ‘ಲೇ, ಕಾಣೆ ಆಗಿರೋದನ್ನ ಹೆಂಗ್ಲೇ ಫ್ರೈ ಮಾಡ್ತಾರೆ?’ ಎಂದು ಒಬ್ಬ ಕೇಳಿದ. ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳ್ಳೆಯ ತಮಾಷೆಯೇ. ಆದರೆ ನನಗೆ ನಗು ಬರಲಿಲ್ಲ. ಈ ತಮಾಷೆಯನ್ನು ನಮ್ಮೂರು ಬಹಳ ಹಿಂದೆಯೇ ಮಾಡಿ ಮುಗಿಸಿದೆ. ಅದರಲ್ಲಿ ನಮ್ಮ ದೊಡ್ಡಪ್ಪನ ಆಯುಷ್ಯ ಹೋಯಿತು.

ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಕಡಲ ಕಡೆಯವರಿಗೆ ಕಾಣೆ ಎಂದರೆ ಒಂದು ಮೀನು. ಉದ್ದಕ್ಕೆ, ಸಪೂರಕ್ಕೆ, ಮರಳಿನ ಬಣ್ಣಕ್ಕಿರುತ್ತದಂತೆ. ನಮಗೆ ಕಾಣೆ ಎಂದರೆ ಕಳೆದುಹೋದದ್ದು, ಪೊಲೀಸ್ ಠಾಣೆಯ ಗೋಡೆಗೆ ಫೋಟೊ ಅಂಟಿಸುವಂಥದ್ದು.

ದೊಡ್ಡಪ್ಪ ಓಬಯ್ಯ ಮೊಳಕಾಲ್ಮೂರಿನವರು. ಮನೆಯಲ್ಲಿ ಸೀರೆ ನೇಯುವ ಮಗ್ಗವಿತ್ತು. ಇವರಿಗೆ ಮಾತ್ರ ಅದು ಹೇಗೋ ಕಡಲ ತೀರದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಬೆಳಿಗ್ಗೆ ದೋಣಿಗಳು ಬಂದಾಗ ದಡದಲ್ಲಿ ನಿಂತು, ಯಾವ ಮೀನು ಎಷ್ಟು ಬುಟ್ಟಿ ಬಂತು ಎಂದು ಬರೆಯುವುದು. ಅಷ್ಟೇ ಕೆಲಸ, ನಿವೃತ್ತಿಯವರೆಗೆ. ‘ನನ್ ಮಗ ಸಮುದ್ರದಾಗೆ ಕೆಲಸಕ್ಕವ್ನೆ’ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರೆ, ಪಕ್ಕದ ಮನೆಯ ತೆಲುಗು ಮುದುಕಿ ‘ಏ ಸಮುದ್ರಂ? ಗೌರಸಮುದ್ರಮಾ?’ ಎಂದು ಕೇಳುತ್ತಿದ್ದಳು. ಅವಳ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಸಮುದ್ರವೆಂಬುದು ಊರ ಹೆಸರುಗಳ ಬಾಲದಲ್ಲಿ ಮಾತ್ರ ಇರುವುದು.

ರಜೆಗೆ ಬಂದಾಗ ದೊಡ್ಡಪ್ಪ ಮೀನಿನ ಹೆಸರುಗಳನ್ನು ಹೇಳುತ್ತಿದ್ದರು: ಬಂಗುಡೆ, ಬೂತಾಯಿ, ಅಂಜಲ್, ಕಾಣೆ. ಬೂತಾಯಿ ಎಂದರೆ ದೆವ್ವದ ತಾಯಿ ಎಂದುಕೊಂಡು ನಾವು ಹೆದರುತ್ತಿದ್ದೆವು. ವಿಚಿತ್ರವೆಂದರೆ ಅವರು ಮೀನು ತಿನ್ನುತ್ತಿರಲಿಲ್ಲ. ಯಾಕೆಂದು ಕೇಳಿದರೆ, ‘ಬರಿಯೋಕೆ ರುಚಿ ಯಾಕ್ ಬೇಕ್ಲೇ, ಕಣ್ಣಿದ್ರೆ ಸಾಕು’ ಅನ್ನುತ್ತಿದ್ದರು. ಬರೆದದ್ದನ್ನು ಕಚೇರಿಗೆ ನೀಟಾಗಿ ನಕಲು ಮಾಡಿ ಕೊಟ್ಟ ಮೇಲೆ ದಡದಲ್ಲಿ ಗೀಚಿದ ಹಾಳೆಗಳನ್ನು ಎಸೆಯಬಹುದಿತ್ತು. ಇವರು ಎಸೆಯಲಿಲ್ಲ. ನಿವೃತ್ತರಾಗಿ ಊರಿಗೆ ಬಂದಾಗ ಅವು ಮೂಟೆಗಟ್ಟಲೆ ಮಗ್ಗದ ಕೋಣೆಯ ಅಟ್ಟ ಸೇರಿದವು. ‘ರೇಷ್ಮೆ ಇಡೋ ಜಾಗದಾಗೆ ಮೀನಿನ ಕಾಗದ ತಂದು ತುರುಕ್ಯಾರೆ’ ಎಂದು ದೊಡ್ಡಮ್ಮ ವರ್ಷಗಟ್ಟಲೆ ಗೊಣಗಿದರು.

ಎಸ್‌ಟಿಡಿ ಬೂತುಗಳು ಒಂದೊಂದಾಗಿ ಕಂಪ್ಯೂಟರ್ ಸೆಂಟರುಗಳಾಗುತ್ತಿದ್ದ ಕಾಲಕ್ಕೆ ದೊಡ್ಡಪ್ಪನ ಅದೃಷ್ಟ ಖುಲಾಯಿಸಿತು ಅಂದುಕೊಂಡೆವು. ಕಡಲ ಜೀವಿಗಳ ಅಧ್ಯಯನ ಮಾಡುವ ಸಂಸ್ಥೆಯೊಂದು ಹಳೆಯ ಲೆಕ್ಕಗಳನ್ನು ಹುಡುಕುತ್ತಿತ್ತು. ಕಚೇರಿಯಲ್ಲಿದ್ದ ನಕಲುಗಳನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ನಮ್ಮ ಅಟ್ಟದ ಮೂಟೆಗಳು ಮಾತ್ರ. ಅಂದು ಏನೇನು ಮೀನಿತ್ತು ಎಂದು ಗೊತ್ತಿದ್ದರೆ ಮುಂದೆ ಏನು ಹೋಯಿತು ಎಂದು ತಿಳಿಯುತ್ತದೆ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುತ್ತೇವೆ ಎಂದು ಮೂಟೆಗಳನ್ನು ಒಯ್ದರು. ದೊಡ್ಡಪ್ಪ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಾಡಿದರು. ‘ನಾನು ಸತ್ರೂ ಮೀನಿನ ಲೆಕ್ಕ ಇರ್ತೈತೆ ಕಣ್ಲೇ’ ಎಂದರು.

ಕೆಲಸದ ಗುತ್ತಿಗೆ ಕೈಯಿಂದ ಕೈಗೆ ಜಾರಿ ಕೊನೆಗೆ ಚಳ್ಳಕೆರೆಯ ಒಂದು ಸೆಂಟರಿಗೆ ಬಂತು. ಹತ್ತಿರವೇ ಆಯಿತಲ್ಲ ಎಂದು ದೊಡ್ಡಪ್ಪ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಎಸಿ ರೂಮಿನ ಬಾಗಿಲಲ್ಲಿ ನಿಂತು, ‘ಪಕ್ಕದಾಗೆ ಕೂತ್ಕೊಂತೀನಿ, ಏನಾರ ತಿಳೀದಿದ್ರೆ ಹೇಳ್ತೀನಿ’ ಎಂದರು. ಮಾಲೀಕ ನಕ್ಕ. ‘ಆರಾಮಾಗಿ ಮನೇಲಿರಿ ಯಜಮಾನ್ರೇ. ಕಂಪ್ಯೂಟರ್ ತಪ್ಪು ಮಾಡಲ್ಲ’ ಎಂದ.

ಕೆಲಸ ಮುಗಿದು, ಅಚ್ಚು ಹಾಕಿದ ಪ್ರತಿ ದೊಡ್ಡಪ್ಪನ ಕೈಗೆ ಬಂತು. ಬೆರಳಿಟ್ಟು ಓದಿದರು. ಬಂಗುಡೆ ಇತ್ತು, ಬೂತಾಯಿ ಇತ್ತು. ಕಾಣೆ ಎಲ್ಲೂ ಇರಲಿಲ್ಲ, ಒಂದು ದಿನದ್ದೂ ಇರಲಿಲ್ಲ. ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಸೆಂಟರಿಗೆ ಹೋದರು.

‘ನೀವೇ ಬರ್ದಿದ್ದೀರಲ್ಲ ಸಾರ್, ಕಾಣೆ ನಾಲ್ಕು ಬುಟ್ಟಿ ಅಂತ’ ಎಂದ ಮಾಲೀಕ, ಬಹಳ ತಾಳ್ಮೆಯಿಂದ. ‘ಕಾಣೆ ಆಗಿರೋದನ್ನ ಲೆಕ್ಕಕ್ಕೆ ಹೆಂಗೆ ಹಿಡಿಯೋದು? ಬಿಟ್ವಿ.’

ಟೈಪು ಮಾಡುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ, ‘ದಿನಾ ಮೂರು ನಾಲ್ಕು ಬುಟ್ಟಿ ಕಾಣೆ ಆಗ್ತಿದ್ವಲ್ರೀ. ಆ ಕಡೆ ಕಳ್ಳರು ಭಾಳ ಅಂತ ನಾವೆಲ್ಲ ಮಾತಾಡ್ಕೊಂಡ್ವಿ’ ಎಂದಳು. ಪಾಪ, ಅವಳು ಕೇಳಿಯೂ ಇದ್ದಳಂತೆ. ತಲೆ ತಿನ್ನಬೇಡ, ಮುಂದಿನ ಹಾಳೆ ತಗೊ ಎಂದು ಮಾಲೀಕ ಗದರಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ದೊಡ್ಡಪ್ಪ ರೇಗಲಿಲ್ಲ. ‘ಅದು ಮೀನಿನ ಹೆಸರಪ್ಪ. ನನ್ ಹಾಳೆ ಕೊಡ್ರಿ, ಕಾಣೆದೊಂದು ನಾನೇ ಬರ್ದು ಕೊಡ್ತೀನಿ’ ಎಂದರು. ಹಾಳೆಗಳು ಇರಲಿಲ್ಲ. ಜಾಗ ಸಾಲದೆಂದು ರದ್ದಿಗೆ ಹಾಕಿದ್ದರು. ರದ್ದಿ ಅಂಗಡಿಯವನು ಬಸ್ ಸ್ಟ್ಯಾಂಡಿನ ಕಡ್ಲೆಬೀಜದ ಗಾಡಿಗಳ ಕಡೆ ಕೈ ತೋರಿಸಿದ.

ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ದೊಡ್ಡಪ್ಪ ಒಂದೊಂದೇ ಗಾಡಿಯ ಮುಂದೆ ಬಗ್ಗಿ, ಪೊಟ್ಟಣ ಕಟ್ಟಲು ಇಟ್ಟ ಕಾಗದಗಳನ್ನು ತಿರುವಿ ನೋಡುತ್ತ ಹೋದರು. ಗಾಡಿಯವನೊಬ್ಬ, ‘ಯಜಮಾನ್ರೇ, ಕಡ್ಲೆ ಬೇಕಾ ಕಾಗ್ದ ಬೇಕಾ?’ ಎಂದು ಕೇಳಿದ.

‘ಕಾಗ್ದ’ ಎಂದರು ದೊಡ್ಡಪ್ಪ.

ಸಿಕ್ಕಿದ್ದು ಒಂದು ಹಿಡಿ. ಉಳಿದದ್ದನ್ನು ಊರು ತಿಂದು ಬಿಸಾಡಿತ್ತು. ಸಂಸ್ಥೆಗೆ ಕಾಗದ ಬರೆದರೆ, ತಿದ್ದುಪಡಿಗೆ ಮೂಲ ಹಾಳೆಗಳನ್ನು ಕಳಿಸಿ ಎಂಬ ಉತ್ತರ ಬಂತು. ಎಣ್ಣೆ ಕುಡಿದ ಆ ಒಂದು ಹಿಡಿಯನ್ನೇ ಕಳಿಸಿದರು. ಮತ್ತೆ ಉತ್ತರ ಬರಲಿಲ್ಲ. ಆಮೇಲೆ ಬಂದ ಅವರ ವರದಿಯಲ್ಲಿ, ಆ ವರ್ಷಗಳಲ್ಲಿ ಆ ತೀರದಲ್ಲಿ ಕಾಣೆ ಮೀನು ದಾಖಲಾಗಿಲ್ಲ ಎಂದಿತ್ತು. ಅದನ್ನು ಓದಿದ ಮೇಲೆ ದೊಡ್ಡಪ್ಪ ಮೀನಿನ ಸುದ್ದಿ ಎತ್ತಲಿಲ್ಲ. ಯಾರಾದರೂ ಎಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿದರೆ, ‘ಗೌರಸಮುದ್ರದಾಗೆ’ ಎಂದುಬಿಡುತ್ತಿದ್ದರು. ಹಾಗೆ ಹೇಳುತ್ತಲೇ ತೀರಿಹೋದರು. ಆ ಮಾಲೀಕನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಹೋಟೆಲಿನೊಳಗೆ ಹೋಗಿ ಕೂತೆ. ಕಾಣೆ ತರಿಸಿದೆ. ತಟ್ಟೆಯಲ್ಲಿ ರವೆ ಮೆತ್ತಿಕೊಂಡು ಮಲಗಿತ್ತು. ಉದ್ದಕ್ಕೆ, ಸಪೂರಕ್ಕೆ, ದೊಡ್ಡಪ್ಪ ಹೇಳಿದ ಹಾಗೇ. ಅದನ್ನು ನೋಡಿದ್ದು ಅದೇ ಮೊದಲು. ತಿನ್ನಲು ಕೈ ಬರಲಿಲ್ಲ.

‘ಯಾಕೆ ಸರ್, ಒಳ್ಳೇದಿಲ್ವಾ?’ ಎಂದು ಬಡಿಸುವವನು ಹತ್ತಿರ ಬಂದ. ‘ಈಗ ಕಾಣೆ ಸಿಕ್ಕುದೇ ಕಷ್ಟ ಸರ್. ಮೊದ್ಲೆಲ್ಲ ಎಷ್ಟು ಬರ್ತಿತ್ತು ಅಂತ ಯಾರಿಗೆ ಗೊತ್ತುಂಟು?’

‘ನಮ್ ಚಳ್ಳಕೆರೆಗೆ ಗೊತ್ತಿತ್ತು ಕಣಪ್ಪ’ ಎಂದೆ. ‘ಕಡ್ಲೆ ತಿಂದು ಪೊಟ್ಟಣ ಬಿಸಾಕಿದ್ವಿ.’