ವಸ್ತಿ ಬಸ್ಸನ್ನು ಊರಾಚೆ ಕಳಿಸಿದ ಫಲಕ

ಕೊರೋನಾ ಕಾಲ ಕಳೆದ ಮೇಲಿನ ಎರಡನೆಯ ಚಳಿಗಾಲ. ನಾನು ಆಗ ಚಿಕ್ಕೋಡಿ ತಾಲ್ಲೂಕಿನಲ್ಲಿ, ಅಂಕಲಿಯಿಂದ ತುಸು ದೂರದ ಕೃಷ್ಣಾ ತೀರದ ಒಂದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಜನರ ಬಾಯಲ್ಲಿ ಪಿಡಿಒ. ಊರಿನ ಹೆಸರು ಇಲ್ಲಿ ಬೇಡ. ನಿವೃತ್ತಿಗೆ ಹದಿನೆಂಟು ತಿಂಗಳು ಉಳಿದಿತ್ತು. ನಿಪ್ಪಾಣಿಯಲ್ಲಿ ಸೇವೆ ಆರಂಭಿಸಿ, ರಾಯಬಾಗ, ಅಥಣಿ, ಕಾಗವಾಡಗಳ ನೀರು ಕುಡಿದು ಅಲ್ಲಿಗೆ ಬಂದಿದ್ದೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಏಳು ವರ್ಷ ಸಂಸ್ಕೃತ ವ್ಯಾಕರಣ ಓದಿದವನಾದ್ದರಿಂದ, ಕಚೇರಿಯ ಕರಡುಗಳನ್ನು ಬರೆಯುವ ಕೆಲಸ ಎಲ್ಲಿ ಹೋದರೂ ನನ್ನ ಪಾಲಿಗೇ ಬರುತ್ತಿತ್ತು. ಶಬ್ದವನ್ನು ತೂಗಿ ಇಡುವುದನ್ನು ಗುರುಗಳು ಕಲಿಸಿದ್ದರು. ಆ ವಿದ್ಯೆಯ ಬಗ್ಗೆ ನನಗೆ ಅಭಿಮಾನವಿತ್ತು, ಇಂದೂ ಇದೆ.

ಆ ವರ್ಷ ನಮ್ಮ ಊರಿನ ನದೀ ಘಾಟಿಗೆ ಹೊಸ ಬಗೆಯ ಅತಿಥಿಗಳು ಬರತೊಡಗಿದರು. ಒಳಗೇ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಕ್ಯಾಂಪರ್ ವ್ಯಾನುಗಳು. ಯಾರೋ ಘಾಟಿನ ಸೂರ್ಯಾಸ್ತವನ್ನು ಮೊಬೈಲಿನಲ್ಲಿ ತೋರಿಸಿದ್ದರಂತೆ. ಹೆದ್ದಾರಿ ಹಿಡಿದು ಹೋಗುವವರು ನಿಪ್ಪಾಣಿಯಲ್ಲಿ ಇಳಿದು ಇತ್ತ ತಿರುಗುತ್ತಿದ್ದರು. ಬಂದವರೆಲ್ಲ ಸಭ್ಯರೇ. ಘಾಟಿನ ಮೇಲಿನ ಬಯಲಿನಲ್ಲಿ ಎರಡು ಮೂರು ದಿನ ತಂಗಿ, ಹೊರಡುವ ಮುಂಜಾನೆ ವ್ಯಾನಿನ ತೊಟ್ಟಿಯನ್ನು ಅಲ್ಲೇ ಬರಿದು ಮಾಡಿ ಹೋಗುತ್ತಿದ್ದರು. ಆ ನೀರು ಮೆಟ್ಟಿಲಿಗುಂಟ ಹರಿದು ಕೃಷ್ಣೆಗೆ ಸೇರುತ್ತಿತ್ತು. ಅಲ್ಲಿಂದ ಮುನ್ನೂರು ಅಡಿ ಕೆಳಗೆ ನಮ್ಮ ಜಾಕ್‌ವೆಲ್, ಅಂದರೆ ಊರಿಗೆ ಕುಡಿಯುವ ನೀರೆತ್ತುವ ಬಾವಿ. ಒಂದು ಪ್ರಾತಃಕಾಲ ನಾನು ಸ್ನಾನ ಮುಗಿಸಿ ಅರ್ಘ್ಯಕ್ಕೆ ಬೊಗಸೆ ನೀರು ಎತ್ತಿದಾಗ ಅದರಲ್ಲಿ ಸಾಬೂನಿನ ನೊರೆ ಇತ್ತು. ಬೊಗಸೆಯನ್ನು ಹಾಗೇ ಬಿಟ್ಟು ಮೇಲೆ ಬಂದೆ.

ಉಪವಿಧಿಯೊಂದನ್ನು ಮಾಡುವುದೆಂದು ಪಂಚಾಯಿತಿ ನಿರ್ಣಯಿಸಿತು. ಮೇಲಿನ ಕಾಯ್ದೆಯ ಅಧೀನದಲ್ಲಿ, ಒಂದು ಊರು ತನ್ನ ಮೇರೆಯೊಳಗಷ್ಟೇ ಮಾಡಿಕೊಳ್ಳುವ ನಿಯಮಕ್ಕೆ ಈ ಹೆಸರು. ಕಚೇರಿಯ ಮಾತಿನಲ್ಲಿ ಬೈಲಾ. ಇಂಥ ವಾಹನಗಳಿಗೆ ಕನ್ನಡದಲ್ಲಿ ರೂಢಿಯ ಹೆಸರು ಇರಲಿಲ್ಲ. ‘ವಸತಿ ವಾಹನ’ ಎಂಬ ಪದವನ್ನು ನಾನೇ ಕಟ್ಟಿದೆ. ಅದಕ್ಕೆ ವ್ಯಾಖ್ಯೆಯನ್ನೂ ಬರೆದೆ: ‘ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಯಾವ ವಾಹನದೊಳಗೆ ಮನುಷ್ಯರು ಶಯನಿಸುವರೋ ಅದು ವಸತಿ ವಾಹನ.’ ಅಂಥ ವಾಹನವನ್ನು ಘಾಟ್ ಮತ್ತು ಅದಕ್ಕೆ ಹೊಂದಿಕೊಂಡ ಚೌಕದಲ್ಲಿ ರಾತ್ರಿ ನಿಲ್ಲಿಸಬಾರದು ಎಂಬುದು ನಿಯಮ. ಆಕ್ಷೇಪಣೆಗಾಗಿ ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದೆವು. ಯಾರೂ ಆಕ್ಷೇಪಿಸಲಿಲ್ಲ. ಅನುಮೋದನೆ ಬಂತು. ನಿಪ್ಪಾಣಿಯ ಬಾಳು ಎಂಬ ಪೇಂಟರನಿಗೆ ಚೀಟಿ ಬರೆದುಕೊಟ್ಟೆ. ಅವನು ನಾಲ್ಕು ಅಡಿ ಅಗಲದ ತಗಡಿನ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಶನಿವಾರ ಮಧ್ಯಾಹ್ನ ಚೌಕದಲ್ಲಿ ನೆಟ್ಟು ಹೋದ. ನಾನು ಆ ದಿನ ಚಿಕ್ಕೋಡಿಯಲ್ಲಿ ಸಭೆಗೆ ಹೋಗಿದ್ದೆ, ಫಲಕವನ್ನು ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಶಾಂತಾಬಾಯಿ ಎಂಬ ಮಹಿಳೆ ಕಚೇರಿಗೆ ಬಂದರು. ಅಂಬೇಡ್ಕರ್ ನಗರದವರು, ಅಂಗನವಾಡಿಯಲ್ಲಿ ಸಹಾಯಕಿ. ಅವರ ಪತಿ ಯಶವಂತ ನಮ್ಮ ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದ ಗೌಂಡಿ. ಎರಡು ವರ್ಷದಿಂದ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಏಳು ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ. ಮುಂದಿನ ಪಾಳಿಗಳೆಲ್ಲ ಭರ್ತಿ.

“ಸಾಹೇಬ್ರ, ವಸ್ತಿ ಗಾಡಿ ಯಾಕ ಬಂದ್ ಮಾಡಿದ್ರಿ?” ಎಂದರು.

ನಮ್ಮ ಕಡೆ ವಸ್ತಿ ಎಂದರೆ ರಾತ್ರಿ ತಂಗುವುದು. ಸಂಜೆಯ ಕೊನೆಯ ಫೇರಿಗೆ ಬಂದು, ಊರಿನ ಚೌಕದಲ್ಲೇ ತಂಗಿ, ಬೆಳಿಗ್ಗೆ ಐದೂವರೆಗೆ ಮೊದಲಿಗೆ ಹೊರಡುವ ಸರ್ಕಾರಿ ಬಸ್ಸೇ ವಸ್ತಿ ಗಾಡಿ.

“ಬಸ್ ನಮ್ಮ ಕೈಯಾಗಿಲ್ಲವ್ವಾ. ಅದು ಡಿಪೋದವರ ಕೆಲಸ,” ಎಂದೆ.

“ಬೋರ್ಡ್ ನಿಮ್ದ ಐತೆಲ್ರಿ. ಪಂಚಾಯ್ತಿ ಹೆಸರ ಹಾಕೀರಿ, ಕೆಳಗ ನಿಮ್ಮ ಹುದ್ದಾನೂ ಐತಿ. ನಿನ್ನೆ ಮೊದಲನೇ ಬಸ್ ಎಂಟೂಕಾಲಕ್ಕ ಬಂತು. ಇವರ ಪಾಳಿ ಹೋತು. ಕಾಲು ಬಾತು ಚಪ್ಪಲಿ ಹೋಗವಲ್ದು. ನಾಳೆ ಹಾಲಿನ ಗಾಡ್ಯಾಂವ ಕರ್ಕೊಂಡ ಹೋಗ್ತೀನಿ ಅಂದಾನ. ಶುಕ್ರವಾರ ಅವನೂ ಇಲ್ಲ.”

ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ನಾನೇ ಎದ್ದು ಅವರೊಡನೆ ಚೌಕಕ್ಕೆ ನಡೆದೆ. ಫಲಕದಲ್ಲಿ ಕೆಂಪು ಅಕ್ಷರಗಳು ಹೀಗಿದ್ದವು: ‘ಇಲ್ಲಿ ವಸ್ತಿ ವಾಹನಗಳನ್ನು ರಾತ್ರಿ ನಿಲ್ಲಿಸಬಾರದು. ತಪ್ಪಿದಲ್ಲಿ ಕಾನೂನು ಕ್ರಮ.’

ಬಾಳುವನ್ನು ಫೋನಿನಲ್ಲಿ ಹಿಡಿದೆ. “ಚೀಟಿಯೊಳಗ ನಾ ಏನ್ ಬರದಿದ್ದೆ?”

“ವಸತಿ ಅಂತ ಬರದಿದ್ರಿ ಕಾಕಾ. ಸಕಾರಕ್ಕ ತಕಾರದ ಒತ್ತು ಬಿಟ್ಟಿದ್ರಿ. ಇಷ್ಟ ದೊಡ್ಡ ಪಂಡಿತ್ರು, ಮಂದಿ ನಗಬಾರದು ಅಂತ ನಾನ ತಿದ್ದೀನಿ. ಯಾರ ಮುಂದೂ ಹೇಳಿಲ್ರಿ.”

ವಸತಿ ತತ್ಸಮ, ವಸ್ತಿ ಅದರ ತದ್ಭವ; ವ್ಯಾಕರಣದ ಪ್ರಕಾರ ಎರಡೂ ಒಂದೇ ಕುಲದವು. ಆದರೆ ನಮ್ಮ ಊರಿನ ಕಿವಿಯಲ್ಲಿ ಒಂದು ಸರ್ಕಾರಿ ಮನೆ ಯೋಜನೆ, ಇನ್ನೊಂದು ಬಸ್ಸು. ನನಗೆ ಮೊದಲು ಕೋಪ ಬಂತು, ಆಮೇಲೆ ನೆಮ್ಮದಿಯಾಯಿತು. ತಪ್ಪು ಪೇಂಟರನದು, ಒಂದು ಅಕ್ಷರ ತಿದ್ದಿದರೆ ತೀರಿತು ಎಂದುಕೊಂಡು ಅದೇ ಮಧ್ಯಾಹ್ನ ಡಿಪೋಗೆ ಹೋದೆ.

ಡಿಪೋದ ವ್ಯವಸ್ಥಾಪಕರು ನನ್ನನ್ನು ಗೌರವದಿಂದಲೇ ಕೂರಿಸಿದರು. ವಸ್ತಿ ಬಸ್ಸಿನ ಚಾಲಕ ಹುಸೇನಸಾಬರೂ ಅಲ್ಲಿದ್ದರು. ಭಾನುವಾರ ಸಂಜೆ ಫಲಕ ಓದಿ, ಅದರ ಚಿತ್ರ ತೆಗೆದು ಕಳಿಸಿ, ಅಪ್ಪಣೆ ಪಡೆದು ಬಸ್ಸನ್ನು ಹಿಂದಕ್ಕೆ ತಂದವರು ಅವರೇ. ಅಕ್ಷರದೋಷದ ಕಥೆಯನ್ನು ಹೇಳಿ, ನನ್ನ ಮೂಲ ಉಪವಿಧಿಯನ್ನು ಅವರ ಮುಂದಿಟ್ಟೆ. ಹುಸೇನಸಾಬರು ಕನ್ನಡಕ ಏರಿಸಿ, ಬೆರಳಿಟ್ಟು ನಿಧಾನವಾಗಿ ಓದಿದರು.

“ಶಯನಿಸೂದು ಅಂದ್ರ ಮಲಗೂದಲ್ರಿ?”

“ಹೌದು.”

“ಹಂಗಾರ ಬೋರ್ಡ್ ಬರೋಬರ್ ಐತ್ರಿ. ನಾ ಬಸ್ಸಿನ್ಯಾಗ ಮಲಗತೀನಿ. ಹಿಂದಿನ ಉದ್ದನ ಸೀಟ್ ಕಂಡಕ್ಟರಂದು, ಇಂಜಿನ್ ಕಡೀಂದು ನಂದು. ಹದಿನಾಕು ವರ್ಷ ಆತು, ನಿಮ್ಮ ಊರಾಗ ಒಂದ ದಿನಾನೂ ಕಾಯ್ದೆ ಮುರದಿಲ್ಲ. ಈಗ ಮುರೀ ಅಂತೀರೇನ್ರಿ?”

ಹಾಳೆಯನ್ನು ನನ್ನತ್ತ ತಿರುಗಿಸಿಕೊಂಡು ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಪೇಂಟರ ಕೆಡಿಸಿದ್ದು ಹೆಸರನ್ನು ಮಾತ್ರ. ವ್ಯಾಖ್ಯೆಯನ್ನು ಕೆಡಿಸಿದವನು ನಾನು. ಯಾವ ವಾಕ್ಯವನ್ನು ಬರೆದ ದಿನ ಎರಡು ಸಲ ಓದಿ ಸಂತೋಷಪಟ್ಟಿದ್ದೆನೋ, ಅದೇ ವಾಕ್ಯ ವ್ಯಾನುಗಳ ಜೊತೆಗೆ ಊರಿನ ಬಸ್ಸನ್ನೂ ಹಿಡಿದಿತ್ತು. ವ್ಯವಸ್ಥಾಪಕರು ಮೃದುವಾಗಿ, “ಬಾಯಿಮಾತಿನ ಮ್ಯಾಲ ಬಸ್ ಕಳಸಾಕ ಬರಂಗಿಲ್ರಿ. ನಾಳೆ ಯಾರರ ತಕರಾರ ಮಾಡಿದ್ರ ಡ್ರೈವರ್ ಸಿಕ್ಕ ಬೀಳತಾನ. ಪಂಚಾಯ್ತಿ ಸಭಾದ ಠರಾವು ತರ್ರಿ, ಆ ಸಂಜಿನ ಗಾಡಿ ಬರತೈತಿ,” ಎಂದರು.

ಗುರುವಾರ ಹನ್ನೊಂದಕ್ಕೆ ತುರ್ತು ಸಭೆ ಕರೆಸಿದೆ. ಬುಧವಾರ ಯಶವಂತ ಹಾಲಿನ ಕ್ಯಾನುಗಳ ನಡುವೆ ಕುಳಿತು ಆಸ್ಪತ್ರೆಗೆ ಹೋಗಿ ಬಂದಿದ್ದರು. ಸೋಮವಾರ ತಪ್ಪಿದ್ದರಿಂದ ಉಸಿರು ಇನ್ನೂ ಭಾರವಾಗಿದೆಯೆಂದೂ, ಶುಕ್ರವಾರ ತಪ್ಪಿಸಲೇ ಕೂಡದೆಂದೂ ವೈದ್ಯರು ಎಚ್ಚರಿಸಿದ್ದರು. ಈ ವಿಷಯ ನನಗೆ ಗೊತ್ತಿತ್ತು. ಆ ದಿನ ಸಂಧ್ಯಾವಂದನೆಯಲ್ಲೂ ನನ್ನ ಮನಸ್ಸು ಮಂತ್ರದ ಮೇಲೆ ನಿಲ್ಲದೆ ವ್ಯಾಖ್ಯೆಯ ಸುತ್ತಲೇ ತಿರುಗುತ್ತಿತ್ತು.

ಸಭೆಯ ಕೋಣೆಯಲ್ಲಿ ಸದಸ್ಯರ ಹಿಂದೆ ಊರವರೂ ನಿಂತಿದ್ದರು. ಉಪವಿಧಿಯನ್ನೇ ರದ್ದು ಮಾಡಿದರೆ ವ್ಯಾನುಗಳ ನೀರು ಮತ್ತೆ ಬಾವಿಗೆ ಬರುತ್ತದೆ. ಇಟ್ಟುಕೊಂಡರೆ ಬಸ್ಸು ಬರುವುದಿಲ್ಲ. ನಾನು ರಾತ್ರಿ ಬರೆದಿಟ್ಟ ಹೊಸ ವ್ಯಾಖ್ಯೆಯನ್ನು ಓದಿದೆ: ‘ಸಾರ್ವಜನಿಕ ಸಾರಿಗೆಯ ವಾಹನವನ್ನು ಹೊರತುಪಡಿಸಿ, ಮನುಷ್ಯರು ಶಯನಿಸುವ...’

“ನಿಲ್ಲರಿ,” ಎಂದ ಹಿಂದಿನಿಂದ ಒಬ್ಬ ಲಾರಿ ಮಾಲೀಕ. “ಕಬ್ಬಿನ ಲಾರ್‍ಯಾಗ ನಮ್ಮ ಡ್ರೈವರ್ ಮಲಗತಾನ. ಅವನೇನ್ ಮರದ ಮ್ಯಾಲ ಮಲಗಬೇಕ?”

“ಕಬ್ಬ ಕಡ್ಯಾಕ ಬಂದವರು ಬಂಡ್ಯಾಗ ಮಲಗತಾರ,” ಎಂದ ಇನ್ನೊಬ್ಬ.

“ನಿಮ್ಮಪ್ಪ ಟ್ರ್ಯಾಕ್ಟರದಾಗ ಮಲಗತಾನಲೇ, ಅವ್ವ ಹೊರಗ ಹಾಕಿದ ದಿನ,” ಎಂದರು ಮತ್ತೊಬ್ಬರು. ಕೋಣೆಯೆಲ್ಲ ನಕ್ಕಿತು.

ಹೊರತು ಪಡಿಸಬೇಕಾದವುಗಳ ಪಟ್ಟಿ ಹಾಳೆಯ ಅಂಚಿನಲ್ಲಿ ಬೆಳೆಯುತ್ತ ಹೋಯಿತು. ಆಗ ಬಾಗಿಲ ಬಳಿ ನಿಂತಿದ್ದ ಶಾಂತಾಬಾಯಿ ಮಾತಾಡಿದರು.

“ಸಾಹೇಬ್ರ, ನಿಮಗ ತ್ರಾಸ ಯಾವದರದು? ಆ ಮಂದಿ ಮಲಗೂದರದೋ, ಮುಸುರಿ ಚೆಲ್ಲೂದರದೋ?”

“ಮುಸುರೆಯದು,” ಎಂದೆ.

“ಮತ್ತ ಮುಸುರಿ ಅಂತ ಬರೀರಿ. ನಿದ್ದಿ ಯಾಕ ಹಿಡೀತೀರಿ? ನಿದ್ದಿ ಎಲ್ಲಾರಿಗೂ ಬರತೈತಿ.”

ಮುಸುರೆ ಎಂದರೆ ಪಾತ್ರೆ ತೊಳೆದ ನೀರು. ನಮ್ಮ ಯಾವ ಮನೆಯ ಹಿತ್ತಿಲಲ್ಲೂ ಕೇಳುವ ಮಾತು. ನಲವತ್ತು ವರ್ಷಕ್ಕೆ ಹತ್ತಿರವಾದ ನನ್ನ ಸೇವೆಯಲ್ಲಿ ಒಂದು ಕರಡಿನಲ್ಲೂ ಅದನ್ನು ಬಳಸಿರಲಿಲ್ಲ. ಲೇಖನಿ ತೆಗೆದು ಹಳೆಯ ವಾಕ್ಯವನ್ನು ಪೂರ್ತಿ ಹೊಡೆದು ಹಾಕಿ, ಎಲ್ಲರ ಎದುರಿಗೇ ಬರೆದೆ: ‘ಬಳಸಿದ ಮುಸುರೆ ನೀರನ್ನಾಗಲಿ ಶೌಚದ ಕೊಳಚೆಯನ್ನಾಗಲಿ ಶೇಖರಿಸುವ ತೊಟ್ಟಿ ಯಾವ ವಾಹನದಲ್ಲಿದೆಯೋ, ಆ ವಾಹನವನ್ನು ಘಾಟಿನಲ್ಲಾಗಲಿ ಚೌಕದಲ್ಲಾಗಲಿ ರಾತ್ರಿ ನಿಲ್ಲಿಸಬಾರದು.’ ಓದಿ ಹೇಳಿದೆ. ಲಾರಿ, ಬಂಡಿ, ಟ್ರ್ಯಾಕ್ಟರು, ಬಸ್ಸು ಯಾವುದೂ ಅದರಲ್ಲಿ ಸಿಕ್ಕಿಬೀಳಲಿಲ್ಲ. ಅತಿಥಿಗಳನ್ನು ಸುಮ್ಮನೆ ಅಟ್ಟುವುದು ಧರ್ಮವಲ್ಲವೆಂದು, ಊರ ಹೊರಗಿನ ಹಳೆಯ ದನದ ಸಂತೆಯ ಬಯಲಿನಲ್ಲಿ ಇಂಗುಗುಂಡಿ ತೋಡಿಸಿ ಅವರಿಗೆ ಜಾಗ ಕೊಡುವುದೆಂದೂ ಸೇರಿಸಿದೆವು. ತಿದ್ದುಪಡಿಗೆ ಮೇಲಿನ ಅನುಮೋದನೆ ಬರುವವರೆಗೆ ಹಳೆಯ ವ್ಯಾಖ್ಯೆಯನ್ನು ಜಾರಿ ಮಾಡಬಾರದೆಂದು ಠರಾವಾಯಿತು. ಎಲ್ಲ ಕೈಗಳೂ ಎದ್ದವು. ಫಲಕವನ್ನು ಕೀಳಿಸಿ, ಠರಾವಿನ ಪ್ರತಿಯನ್ನು ನಾನೇ ಡಿಪೋಗೆ ಒಯ್ದು ಕೊಟ್ಟೆ. ಸಂಜೆ ಏಳೂವರೆಗೆ ಹುಸೇನಸಾಬರು ಬಸ್ಸನ್ನು ತಂದು ತಮ್ಮ ಎಂದಿನ ಜಾಗದಲ್ಲಿ ನಿಲ್ಲಿಸಿದರು.

ಶುಕ್ರವಾರ ಬೆಳಗಿನ ಸ್ನಾನಕ್ಕೆ ಹೊರಟವನು ಚೌಕದಲ್ಲಿ ನಿಂತೆ. ಶಾಂತಾಬಾಯಿ ಪತಿಯ ತೋಳು ಹಿಡಿದು ಕರೆತಂದರು. ಒಂದೊಂದು ಮೆಟ್ಟಿಲಿಗೂ ನಿಂತು ಬಸ್ಸು ಹತ್ತಿದ ಯಶವಂತ, ಕಿಟಕಿಯಿಂದ ನನ್ನನ್ನು ಕಂಡು ಕೈಯೆತ್ತಿದರು.

“ಗ್ವಾಡಿ ಚೊಲೊ ಕಟ್ಟಿದ್ರಿ ಸಾಹೇಬ್ರ. ಬಾಗಲಾ ಬಿಡೂದ ಒಂದ ಮರ್ತಿದ್ರಿ.”

ಬಸ್ಸು ಐದೂವರೆಗೆ ಸರಿಯಾಗಿ ಹೊರಟಿತು. ಏಳಕ್ಕೆ ಅವರು ಯಂತ್ರದ ಪಕ್ಕದ ಹಾಸಿಗೆಯಲ್ಲಿದ್ದರೆಂದು ಸಂಜೆ ತಿಳಿಯಿತು. ನಾನು ಆ ದಿನ ಅರ್ಘ್ಯ ಕೊಟ್ಟದ್ದು ಸಂಕೋಚವಿಲ್ಲದ ಕೈಯಿಂದ.

ತಿದ್ದುಪಡಿ ಎರಡು ತಿಂಗಳಲ್ಲಿ ಒಂದಕ್ಷರವೂ ಬದಲಾಗದೆ ಅನುಮೋದನೆಗೊಂಡು ಬಂತು. ಹೊಸ ಫಲಕವನ್ನೂ ಬಾಳುವೇ ಬರೆದ. ಈ ಸಲ ನಾನು ಪಕ್ಕದಲ್ಲಿ ನಿಂತಿದ್ದೆ, ಅವನಿಗೆ ತಿದ್ದುವಂಥದ್ದೇನೂ ಸಿಗಲಿಲ್ಲ. ವ್ಯಾನಿನವರು ಇಂದಿಗೂ ಬರುತ್ತಾರೆ, ಸಂತೆಯ ಬಯಲಿನಲ್ಲಿ ತಂಗುತ್ತಾರೆ. ರಾಯಬಾಗ, ಅಥಣಿ ಕಡೆಯ ನದೀ ತೀರದ ಕೆಲವು ಪಂಚಾಯಿತಿಗಳು ನಮ್ಮ ಉಪವಿಧಿಯ ಪ್ರತಿ ಕೇಳಿ ಪಡೆದವು.

ನಿಯಮ ಬರೆಯುವವನು ಮೊದಲು ಕೇಡು ಯಾವುದೆಂದು ಗುರುತಿಸಬೇಕು, ಅದನ್ನಷ್ಟೇ ಹೆಸರಿಸಬೇಕು. ಆಮೇಲೆ ಆ ನಿಯಮದ ಕೆಳಗೆ ಬದುಕುವವರಿಗೆ ಓದಿ ಹೇಳಿ, ಅವರು ತಲೆಯಾಡಿಸುವವರೆಗೆ ಲೇಖನಿಯನ್ನು ಮುಚ್ಚಬಾರದು. ಇದನ್ನು ಪಾಠಶಾಲೆಯ ಏಳು ವರ್ಷಗಳಲ್ಲಿ ನಾನು ಕಲಿಯಲಿಲ್ಲ, ಒಂದು ಗುರುವಾರ ಕಲಿತೆ. ನನ್ನ ಕೈಯಿಂದ ಹೊರಬಿದ್ದ ಕರಡುಗಳು ನೂರಾರು. ಅವುಗಳಲ್ಲಿ ನಾನು ಎದೆಯುಬ್ಬಿಸಿ ತೋರಿಸುವ ವಾಕ್ಯ ಒಂದೇ. ಅದರ ಮುಖ್ಯ ಪದವನ್ನು ಕೊಟ್ಟವರು ಶಾಂತಾಬಾಯಿ.