ಕಪ್ಪೆಯ ನಿಜವಾದ ಹೆಸರು

ನಖೋನ್ ಸವನ್ ಪೇಟೆಯಲ್ಲಿ ಕಪ್ಪೆ ಎಂದರೆ ಎಲ್ಲರಿಗೂ ಗೊತ್ತು. ವಿಚಿಯನ್ ಎಂದರೆ ಯಾರಿಗೂ ಗೊತ್ತಿಲ್ಲ. ಇಬ್ಬರೂ ಒಬ್ಬನೇ. ಹಗಲೆಲ್ಲ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಕೊಯ್ದು, ಕೆಲಸ ಬಿಟ್ಟಮೇಲೆ ದತ್ತಿ ಸಂಸ್ಥೆಯ ಬಿಳಿ ವ್ಯಾನು ಹತ್ತಿ, ರಸ್ತೆಯಲ್ಲಿ ಸತ್ತವರನ್ನೂ ನದಿಯಲ್ಲಿ ತೇಲಿದವರನ್ನೂ ಎತ್ತಿ ತರುವ ಈ ಗುಡ್ಡೆಗಣ್ಣಿನ ಮನುಷ್ಯನಿಗೆ ಅದರಿಂದ ಸಂಬಳವೂ ಇಲ್ಲ, ಸನ್ಮಾನವೂ ಇಲ್ಲ. ದಿಕ್ಕಿಲ್ಲದ ಹೆಣವಾದರೆ ಸಂಸ್ಥೆಯೇ ಪೆಟ್ಟಿಗೆ ಕೊಟ್ಟು ಮಣ್ಣು ಮಾಡುತ್ತದೆ. ಪೆಟ್ಟಿಗೆಗಳೆಲ್ಲ ಊರವರ ದಾನ. ಕೊಟ್ಟವರ ಹೆಸರನ್ನು ಗುಲಾಬಿ ಕಾಗದದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿರುತ್ತಾರೆ. ಹೆಣವನ್ನು ಮಲಗಿಸಿದ ಮೇಲೆ ಆ ಹೆಸರನ್ನು ಅದಕ್ಕೆ ಓದಿ ಹೇಳುವುದು ಕಪ್ಪೆಯ ಅಭ್ಯಾಸ. "ಇದು ಇಂಥವ್ರು ಕೊಟ್ಟಿದ್ದು ಕಣಪ್ಪ. ಅವ್ರಿಗೆ ಒಳ್ಳೇದಾಗ್ಲಿ ಅಂದು ಹೋಗು."

ಈ ಯಾವ ಮಾತನ್ನೂ ಅವನು ಮನೆಯೊಳಗೆ ತಂದವನಲ್ಲ. ಹೆಣದ ಸೋಂಕು ಕಳೆಯಲೆಂದು ಗೇಟಿನ ಬಳಿಯ ಬಾನಿಯಲ್ಲಿ ದಾಳಿಂಬೆ ಎಲೆ ಹಾಕಿದ ನೀರು ಸದಾ ಇರುತ್ತದೆ. ಅದರಲ್ಲಿ ಕೈ, ಮುಖ ತೊಳೆದ ಮೇಲೆ ಹೆಣದ ಸುದ್ದಿ ಮುಗಿಯಿತು. ಮಗಳು ಪಿಂಪಾ ಕೇಳಿದರೂ, "ಅದೆಲ್ಲ ನಿಂಗ್ಯಾಕೆ, ಊಟ ಹಾಕು" ಎನ್ನುತ್ತಿದ್ದ. ಕೇಳಿದಾಗ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಆ ವರ್ಷ ಅವನಿಗೆ ನಲವತ್ತೆಂಟು ತುಂಬುತ್ತಿತ್ತು. ವರ್ಷಕ್ಕೊಂದು ಪ್ರಾಣಿಯಂತೆ ಹನ್ನೆರಡು ವರ್ಷದ ನಾಲ್ಕು ಸುತ್ತು ಮುಗಿದು, ಹುಟ್ಟಿದ ಪ್ರಾಣಿಯ ವರ್ಷ ಮತ್ತೆ ತಲೆಯ ಮೇಲೆ ಬರುತ್ತಿತ್ತು. ಸುತ್ತು ತಿರುಗುವ ಸಂದಿಯಲ್ಲೇ ಗಂಡಾಂತರ. ಅವನ ಅಣ್ಣ ಇದೇ ಸಂದಿಯಲ್ಲಿ ದೋಣಿ ಮಗುಚಿ ಹೋಗಿದ್ದ. ದೇಗುಲದ ಹಿರಿಯ ಭಿಕ್ಷು ಕಪ್ಪೆಯ ಮುಖ ನೋಡಿ "ವರ್ಷ ಭಾರವಾಗಿದೆ" ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಆ ಸುಮ್ಮನಿರುವಿಕೆ ಪಿಂಪಾಳ ನಿದ್ದೆ ಕೆಡಿಸಿತು.

"ಹುಟ್ಟುಹಬ್ಬಕ್ಕೆ ಚಿನ್ನದ ಉಂಗುರ ಕೊಡ್ಸೇ" ಎಂದಳು ತಾಯಿ ಸಮ್ಲೀ.

"ಐಸ್ ಗಡ್ಡೇಲಿ ಬೀಳಿಸ್ಕೊಂಡು ಬರ್ತಾರೆ. ಯಾರೋ ಶರಬತ್ತಿನ ಜೊತೆ ನುಂಗ್ತಾರೆ."

"ವಾಚು?"

ಅಂಗಳದಿಂದ ಕಪ್ಪೆಯೇ ಉತ್ತರ ಕೊಟ್ಟ. "ಟೈಮ್ ನೋಡ್ಕೊಂಡು ಹೋಗೋಕೆ ಅಲ್ಲಿ ಯಾರಿಗೂ ಅವಸರ ಇಲ್ಲ. ಶಾವಿಗೆ ಮಾಡಿ, ಮೊಟ್ಟೆ ಹಾಕಿ. ನಿಮ್ಮವ್ವ ಆವತ್ತೊಂದು ದಿನ ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಡುಗೊರೆ."

ಪಿಂಪಾ ನಗಲಿಲ್ಲ. ಅವಳಿಗೆ ಅಪ್ಪ ಬೇಕಿತ್ತು, ಅಪ್ಪನ ಬೆರಳಿಗೆ ಉಂಗುರವಲ್ಲ. ಗಂಡಾಂತರ ಕಳೆಯಲು ಹುಟ್ಟುಹಬ್ಬಕ್ಕೆ ಶವಪೆಟ್ಟಿಗೆ ದಾನ ಕೊಡುವುದು ಆ ಊರಿನಲ್ಲಿ ಎಲ್ಲರೂ ಮಾಡುವ ಕೆಲಸ. ಸಾವು ಪೆಟ್ಟಿಗೆ ಕೇಳಿಕೊಂಡು ಬಂದರೆ, ಕೊಟ್ಟಾಯಿತಲ್ಲ ಎಂದು ಹೇಳಬಹುದು. ಅವಳು ತಾನು ಕೆಲಸ ಮಾಡುವ ಬೇಕರಿಯಿಂದ ಸೀದಾ ಸಂಸ್ಥೆಯ ದಾನದ ಕಟ್ಟೆಗೆ ಹೋದಳು.

ಯಾರ ಹೆಸರಲ್ಲಿ ಎಂದು ಕಟ್ಟೆಯ ಹೆಂಗಸು ಕೇಳಿದಾಗ ಪಿಂಪಾ ಒಂದು ಗಳಿಗೆ ಯೋಚಿಸಿದಳು. ಊರಲ್ಲಿ ಕಪ್ಪೆ ಎನ್ನಿಸಿಕೊಂಡವರು ಎಷ್ಟು ಜನವೋ. ಪುಣ್ಯ ದಾರಿ ತಪ್ಪಿ ಬೇರೆ ಯಾವ ಕಪ್ಪೆಗಾದರೂ ಸೇರಿದರೆ? ಅಪ್ಪನ ಪೂರ್ತಿ ಹೆಸರು ಬರೆದಳು. ಅನುಮಾನವೇ ಬೇಡವೆಂದು ಮನೆಯ ಓಣಿಯನ್ನೂ ಬರೆದಳು. ಆ ಹೆಸರಿನವನು ದಿನವೂ ಅದೇ ಅಂಗಳದಲ್ಲಿ ವ್ಯಾನು ತೊಳೆಯುತ್ತಾನೆಂದು ಕಟ್ಟೆಯ ಹೆಂಗಸಿಗೆ ತಿಳಿಯುವುದಾದರೂ ಹೇಗೆ? ಪಿಂಪಾ ತನ್ನ ಕೈಯಾರೆ ಕಾಗದ ಅಂಟಿಸಿ, ಅಂಗೈಯಿಂದ ಒತ್ತಿ, ಊದುಬತ್ತಿ ಹಚ್ಚಿ ಬಂದಳು. ಹುಟ್ಟುಹಬ್ಬದ ಊಟದ ಹೊತ್ತಿಗೆ ಹೇಳೋಣವೆಂದು ಬಾಯಿ ಬಿಗಿಹಿಡಿದಳು.

ಹುಟ್ಟಿದ ದಿನವೆಂದು ಕಪ್ಪೆ ರಜೆ ಹಾಕಿದ್ದ. ಆದರೆ ಮಧ್ಯಾಹ್ನ ಸಂಸ್ಥೆಯಿಂದ ಕರೆ ಬಂತು. ಸೇತುವೆಯ ಕೆಳಗೆ ಯಾರೋ ತೇಲಿದ್ದರು. ಹೊತ್ತು ಮುಳುಗುವಾಗ ಅವನು ವ್ಯಾನಿನ ಜೊತೆಗಾರ, ಇರುವೆ ಎಂದು ಕರೆಸಿಕೊಳ್ಳುವವನನ್ನೂ ಊಟಕ್ಕೆ ಕರೆದುಕೊಂಡು ಮರಳಿದ. ದಾಳಿಂಬೆ ನೀರನ್ನು ಬಾನಿ ಬರಿದಾಗುವ ತನಕ ಸುರಿದುಕೊಂಡ. ಎಲೆಗಳನ್ನು ತೋಳಿಗೆ ಉಜ್ಜಿದ. ಯಾವತ್ತೂ ಹಾಗೆ ಮಾಡಿದವನಲ್ಲ.

ಇರುವೆ ಸೀದಾ ಅಡುಗೆಮನೆಗೆ ಬಂದ. "ಆ ಪೆಟ್ಟಿಗೆ ಕೊಟ್ಟಿದ್ದು ನೀನೇನಮ್ಮ?"

"ಹೂಂ ಮಾಮ. ನಿಮ್ಗೆಂಗೆ ಗೊತ್ತು?"

"ಇವತ್ತಿನವನನ್ನ ಅದ್ರಲ್ಲೇ ಮಲಗಿಸಿದ್ವಿ."

ಪಿಂಪಾಳ ಮುಖ ಅರಳಿತು. "ಸದ್ಯ. ಅಪ್ಪನ ಗಂಡಾಂತರ ಅವ್ನ ಜೊತೆ ಹೋಯ್ತಲ್ಲ."

ಇರುವೆ ದನಿ ತಗ್ಗಿಸಿದ. "ದಾನ ಕೊಟ್ಟೋರ ಮಾತು ಬೇರೆ, ಹೊರೋರ ಮಾತು ಬೇರೆ. ಎತ್ತಿದ ಕೈ ಹೆಣಕ್ಕೆ ನೆನಪಿರುತ್ತೆ. ಅದಕ್ಕೆ ಹೆಸರೂ ಸಿಕ್ಕಿದ್ರೆ ಜೊತೆಗೆ ಬಾ ಅಂತ ಕರಿಯುತ್ತೆ. ಅದಕ್ಕೇ ನಾನು ಇರುವೆ, ಅವನು ಕಪ್ಪೆ. ಇಷ್ಟು ವರ್ಷ ಒಂದೇ ವ್ಯಾನಲ್ಲಿ ಕೂತಿದ್ದೀವಿ, ಅವನ ಹೆಸರು ನಂಗೆ ಗೊತ್ತಾಗಿದ್ದು ಇವತ್ತೇ."

"ಅಪ್ಪ ಅದನ್ನ ಓದಿದ್ರಾ?"

"ಮುಚ್ಚಳ ನೋಡಿ ಅವನ ಕೈ ನಿಂತೋಯ್ತು. ಬೇರೆ ಪೆಟ್ಟಿಗೆ ತರ್ತೀನಿ ಕಣೋ ಅಂದೆ. 'ನನ್ನ ಮಗಳ ಅಕ್ಷರ ಇದು. ಇವನೂ ಪಾಪ ಎಷ್ಟೊತ್ತಿಂದ ನೆನೆದಿದ್ದಾನೆ' ಅಂದ. ಓದಿಬಿಟ್ಟ. ಓಣಿ ಸಮೇತ."

ಅಪ್ಪ ಇಷ್ಟು ವರ್ಷ ಬಚ್ಚಿಟ್ಟುಕೊಂಡು ಬಂದ ಹೆಸರನ್ನು ಪಿಂಪಾ ತಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. ಎಳೆ ತುಂಡಾದರೆ ಆಯಸ್ಸು ತುಂಡಾದಂತೆ ಎಂದು ಉದ್ದ ಶಾವಿಗೆಯನ್ನು ಜೋಪಾನವಾಗಿ ಅಪ್ಪನ ಬಟ್ಟಲಿಗೆ ಬಡಿಸಿದಳು. ಅವನು ಅವಳ ಮುಖ ನೋಡಿದ. ಅವಳಿಗೆ ತಿಳಿದಿದೆ ಎಂಬುದು ಅವನಿಗೂ ತಿಳಿಯಿತು.

"ಒಳ್ಳೆ ಪೆಟ್ಟಿಗೆ ಮಗಾ," ಎಂದ. "ಹಲಗೆ ಗಟ್ಟಿಯಾಗಿದೆ."

"ಊಟದ ಹೊತ್ತಲ್ಲಿ ಎಂಥಾ ಮಾತು ನಿಮ್ದು" ಎಂದು ಸಮ್ಲೀ ಗದರಿದಳು. ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ.

ಮೆಟ್ಟಿಲ ಕೆಳಗಿದ್ದ ನಾಯಿ ಬೊಗಳಲಿಲ್ಲ, ಬಾಲ ಮಡಚಿಕೊಂಡು ಒಳಗೆ ನುಗ್ಗಿತು. ಗೇಟಿನ ಕಡೆಯಿಂದ ಯಾರೋ ಕರೆದರು.

"ವಿಚಿಯನ್."

ನೀರು ತುಂಬಿದ ಗಂಟಲಿನ ದನಿ. ಕತ್ತಲಾದ ಮೇಲೆ ಗುರುತಿಲ್ಲದ ದನಿ ಕರೆದರೆ ಓಗೊಡಬಾರದೆಂದು, ಓಗೊಟ್ಟವರು ಅದರ ಹಿಂದೆ ಹೋಗುತ್ತಾರೆಂದು, ಆ ಊರಿನಲ್ಲಿ ಮಾತು ಕಲಿಯುವ ಮೊದಲೇ ಕಲಿಸುತ್ತಾರೆ.

"ವಿಚಿಯನ್."

ಕಪ್ಪೆ ಚಮಚ ಕೆಳಗಿಟ್ಟ. ಯಾರನ್ನೂ ಕಾಯಿಸಿ ಗೊತ್ತಿಲ್ಲದ ಮನುಷ್ಯ. ಅವನ ತುಟಿ ಅಲುಗಿದ್ದನ್ನು ಪಿಂಪಾ ಕಂಡಳು. ಅವನಿಗಿಂತ ಮೊದಲು ಎದ್ದು ನಿಂತಳು.

"ಬಂದೆ," ಎಂದಳು.

ಇರುವೆಯ ಕೈಯ ಬಟ್ಟಲು ಜಾರಿತು. ಕಪ್ಪೆ ಮಗಳ ಮಣಿಕಟ್ಟು ಹಿಡಿದು ಜಗ್ಗಿ, ತಾಯಿಯ ಮಡಿಲಿಗೆ ತಳ್ಳಿದ. ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತ.

"ಅವಳಲ್ಲ. ಅವಳಿನ್ನೂ ಚಿಕ್ಕವಳು, ತಿಳೀದೆ ಓಗೊಟ್ಟಳು. ವಿಚಿಯನ್ ನಾನು."

ಆಮೇಲೆ ತನ್ನ ಪೂರ್ತಿ ಹೆಸರನ್ನು ಇನ್ನೊಮ್ಮೆ, ಹೆಣಗಳಿಗೆ ಓದಿ ಹೇಳುವ ಅದೇ ದನಿಯಲ್ಲಿ, ಓಣಿಯ ಹೆಸರು ಸಮೇತ ನಿಧಾನವಾಗಿ ಹೇಳಿದ.